ಹಸ್ನಾ ಬರೆದ ಶರ್ತ

ಮುಹಿಯುದ್ದೀನ್‌ಗೆ ಬೆಳಿಗ್ಗೆಯಿಂದ ತಲೆಬಿಸಿ. ಬರ್ ದುಬೈಯ ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ಎಂಥೆಂಥ ಗಿರಾಕಿಗಳನ್ನು ಸುಧಾರಿಸಿದ ಮನುಷ್ಯ, ಸ್ವಂತ ಮಗಳ ಮುಂದೆ ಸೋತು ಕೂತಿದ್ದ ನೋಡಿ. ಹುಡುಗನ ಕಡೆಯವರು ಮದುವೆ ದಿನ ಗೊತ್ತು ಮಾಡಲು ಬರುವ ಹೊತ್ತು. ಈ ಹಸ್ನಾ ಒಂದು ಹಾಳೆ ಹಿಡಿದುಕೊಂಡು, ನಿಕಾಹಿಗೆ ಮುಂಚೆ ಹುಡುಗ ಇದಕ್ಕೆ ಸಹಿ ಹಾಕಬೇಕು ಅನ್ನುತ್ತಾಳೆ.

ಅದರಲ್ಲಿದ್ದದ್ದು ಇಷ್ಟೆ: ಗಂಡ ಎಲ್ಲಿ ದುಡಿಯುತ್ತಾನೋ ಹೆಂಡತಿ ಅಲ್ಲೇ ಇರತಕ್ಕದ್ದು. ಅವಳು ಒಪ್ಪದೆ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸಬಾರದು.

"ಇದೆಲ್ಲ ಕೋಟಿ ಇದ್ದವರ ಮನೆಯ ಸಂಗತಿ. ನಮ್ಮಂಥವರಿಗೆ ಎಂತಕ್ಕೆ?" ಎಂದ ಮುಹಿಯುದ್ದೀನ್.

"ಕೋಟಿ ಇದ್ದವರು ಹೆಂಡತಿಯನ್ನು ಊರಲ್ಲಿ ಬಿಟ್ಟು ಬರುವುದಿಲ್ಲ ಉಪ್ಪ. ನಮ್ಮಂಥವರೇ ಬಿಡುವುದು."

ಉಳ್ಳಾಲದಲ್ಲಿ ಬೆಳೆದ ಮಗಳು. ಎರಡು ವರ್ಷಕ್ಕೊಮ್ಮೆ ಬರುವ ಅಪ್ಪನನ್ನು ಕಂಡು ಉಮ್ಮನ ಹಿಂದೆ ಅಡಗುತ್ತಿದ್ದವಳು, ಈಗ ಇಲ್ಲೇ ದುಬೈಯಲ್ಲಿ ಟೀಚರ್.

ಬಂದರು. ಸಫ್ವಾನ್, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಆಫೀಸೊಂದರಲ್ಲಿ ಕೆಲಸದಲ್ಲಿರುವವ, ಒಳ್ಳೆಯ ಹುಡುಗ. ಜೊತೆಗೆ ಅವನ ಉಮ್ಮ ಆಮಿನಮ್ಮ. ಬಿರಿಯಾನಿ ಮುಗಿದು ಸುಲೈಮಾನಿ ಚಾ ಬರುವಷ್ಟರಲ್ಲಿ ಹಸ್ನಾ ಹಾಳೆ ಕೊಟ್ಟೇಬಿಟ್ಟಳು. ಸಫ್ವಾನ್ ಓದಿ ಹೇಳಿದ. ಆಮಿನಮ್ಮನ ಮುಖ ಬಿಗಿದುಕೊಂಡಿತು.

"ನಂಬಿಕೆ ಇದ್ದಲ್ಲಿ ಕಾಗದ ಯಾಕೆ ಮಗಾ?" ಎಂದು ಹಸ್ನಾಳನ್ನು ಕೇಳಿದಳು.

ಕೆಟ್ಟಿತು ಸಂಬಂಧ, ಅಂದುಕೊಂಡ ಮುಹಿಯುದ್ದೀನ್. "ಹುಡುಗಾಟ, ಬಿಡಿ" ಎನ್ನುತ್ತಾ ಹಾಳೆಗೆ ಕೈಚಾಚಿದ. ಆ ಕೈಯನ್ನು ಹೆಂಡತಿ ಬೀಫಾತಿಮ ತಡೆದಳು. ವಿಸಿಟ್ ವೀಸಾದಲ್ಲಿ ಬಂದು, ಬರುವ ವಾರ ಊರಿಗೆ ಹೊರಡಬೇಕಾದವಳು. ನೆಂಟರ ಮುಂದೆ ಬಾಯಿ ಬಿಡದ ಹೆಂಗಸು.

"ನಂಬಿಕೆಗೆ ನಾನೆಂತ ಕಡಿಮೆ ಮಾಡಿದ್ದೆ ಆಮಿನಮ್ಮ? ಪ್ರತಿ ರಜೆಗೂ ಇವರು 'ಮುಂದಿನ ಸಲ ವೀಸಾ' ಅಂದರು. ನಂಬಿದೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ರಜೆಯೆಲ್ಲ ಕೂಡಿಸಿದರೆ ಒಟ್ಟಿಗೆ ಇದ್ದದ್ದು ಎರಡೂವರೆ."

ಆಮಿನಮ್ಮ ಚಾದ ಲೋಟ ಕೆಳಗಿಟ್ಟಳು. ಅವಳ ಗಂಡನೂ ಸೌದಿಯ ದಮ್ಮಾಮಿನಲ್ಲೇ ಮುದುಕನಾದವನು.

"ನನಗೆ ಅಷ್ಟೂ ಸಿಗಲಿಲ್ಲ," ಅಂದಳು. ಆಮೇಲೆ ಮಗನ ಕಡೆ ತಿರುಗಿ, "ಎಂತ ನೋಡ್ತೀಯಾ? ಹಾಕು ಸಹಿ."

"ಹಾಕಿ ಆಯ್ತು ಉಮ್ಮ," ಎಂದ ಸಫ್ವಾನ್. ಅವನು ಯಾವಾಗ ಹಾಕಿದನೋ, ಹಸ್ನಾ ಒಬ್ಬಳೇ ನೋಡಿದ್ದು. ಮನೆ ತುಂಬ ನಗು. ಮದುವೆಯನ್ನು ಈದ್ ಕಳೆದ ಎರಡನೇ ಶುಕ್ರವಾರಕ್ಕೆ ಇಟ್ಟುಕೊಂಡರು.

ಮುಹಿಯುದ್ದೀನ್ ಮಾತ್ರ ನಗಲಾರದೆ ಕೂತಿದ್ದ. ಅವನ ಸಂಬಳ ಫ್ಯಾಮಿಲಿ ವೀಸಾಕ್ಕೆ ಸಾಲುವಷ್ಟಾಗಿ ಆರು ವರ್ಷ ಕಳೆದಿತ್ತು. ಹೆಂಡತಿಯಿಲ್ಲದೆ ಇದ್ದು ಅಭ್ಯಾಸವಾಗಿತ್ತು, ಅಷ್ಟೆ. ನಾಚಿಕೆಯಾಯಿತು ಅವನಿಗೆ. ಎದ್ದು ಇನ್ನೊಂದು ಹಾಳೆ ತಂದ. 'ಒಂದು ತಿಂಗಳೊಳಗೆ ಬೀಫಾತಿಮಳನ್ನು ಫ್ಯಾಮಿಲಿ ವೀಸಾದಲ್ಲಿ ವಾಪಸು ಕರೆಸಿಕೊಳ್ಳುತ್ತೇನೆ. ಮತ್ತೆ ಒಬ್ಬಳನ್ನೇ ಊರಲ್ಲಿ ಬಿಡುವುದಿಲ್ಲ' ಎಂದು ಬರೆದು, ಸಹಿ ಹಾಕಿ ಅವಳ ಮುಂದಿಟ್ಟ.

ಬೀಫಾತಿಮ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಮುಖ ಮದುವಣಗಿತ್ತಿಯ ಮುಖದಂತೆ ಕೆಂಪಾಯಿತು. ಕಣ್ಣೊರೆಸಿಕೊಂಡು ಹಾಳೆಯನ್ನು ಆಮಿನಮ್ಮನ ಕಡೆ ಸರಿಸಿದಳು.

"ನೀವೊಂದು ಸಾಕ್ಷಿ ಹಾಕಿ," ಅಂದಳು. "ಇವರ ಬರೀ ಮಾತು ನಾನು ತುಂಬಾ ಕೇಳಿದ್ದೇನೆ."