ಮಾಳಪ್ಪ ಗಡಿಯಾರ ಆರಿಸಿದ್ದು

ಬೈಲಹೊಂಗಲದ ದನದ ಸಂತೆಯಲ್ಲಿ ಮಾಳಪ್ಪನಷ್ಟು ಸಂಶಯದ ದಲಾಲಿ ಇನ್ನೊಬ್ಬನಿರಲಿಲ್ಲ. ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿದ ಮೇಲೂ, ಹಲ್ಲು ಅದರದೇ ಹೌದೋ ಅಲ್ಲವೋ ಎಂದು ಒಂದು ಗಳಿಗೆ ಯೋಚಿಸುವ ಆಸಾಮಿ. ನೊಗಕ್ಕೆ ಹೂಡಿ ನಡೆಸಿ ನೋಡದೆ ಯಾವ ಜೋಡಿಗೂ ಅವನು ಟವೆಲಿನೊಳಗೆ ಕೈ ಹಾಕುತ್ತಿರಲಿಲ್ಲ. ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಮುಚ್ಚಿ, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಚೌಕಾಸಿ ಮಾಡುತ್ತಾರೆ. ಎಷ್ಟಕ್ಕೆ ಕುದುರಿತೆಂಬುದು ಆ ಇಬ್ಬರಿಗೆ ಮಾತ್ರ ಗೊತ್ತು. ಇಂಥವನು ಮೀನಾಳ ಮೊಬೈಲ್ ಅಂಗಡಿಯಲ್ಲಿ ಓಟದ ಗಡಿಯಾರ ಆರಿಸಲು ಕುಳಿತನೆಂದರೆ ಮೀನಾಳ ಪಾಡು ಏನಾಗಿರಬೇಡ.

ಗಡಿಯಾರ ಬೇಕಾಗಿದ್ದು ಮಗಳು ರಾಣಿಗೆ. ಪಿಯುಸಿ ಓದುವ ಹುಡುಗಿ, ಐದು ಕಿಲೋಮೀಟರ್ ಓಡುತ್ತಿದ್ದಳು. ಎರಡು ವರ್ಷದ ಹಿಂದೆಯೇ ಮಾಳಪ್ಪ ಸಂತೆಯ ನಾಲ್ಕು ಜನರೆದುರು ಹೇಳಿಬಿಟ್ಟಿದ್ದ: "ಇಪ್ಪತ್ತು ನಿಮಿಷದೊಳಗ ಬಂದ್ರ ಧಾರವಾಡದ ಓಟದ ಆಯ್ಕೆಗೆ ಕಳಸ್ತೇನಿ. ಇಲ್ಲಂದ್ರ ಬೂಟು ಅಟ್ಟಕ್ಕ." ಹೋದ ವಾರ ರಾಣಿ ಹತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡಿಗೆ ಬಂದಳು. ಮಾಳಪ್ಪ ಸಂತೆಯಲ್ಲೆಲ್ಲ ಪೇಡೆ ಹಂಚಿ, ಮಗಳು ಕೇಳಿದ ಗಡಿಯಾರಕ್ಕೆ ಹೂಂ ಅಂದ. ಖುಷಿಪಡಬೇಕಾದ ಹೆಂಡತಿ ಮುದಕವ್ವ ಮಾತ್ರ ಗಡಿಯಾರ ಗಿಡಿಯಾರ ಬೇಡ, ಹೊಸ ಬೂಟು ಕೊಡಿಸಿದರೆ ಸಾಕು ಎಂದು ಪಟ್ಟು ಹಿಡಿದಳು. ಎಂದೂ ಯಾವುದಕ್ಕೂ ಬೇಡ ಅನ್ನದವಳು ಇದಕ್ಕೇಕೆ ಅಡ್ಡ ಬರುತ್ತಾಳೆ ಎಂಬ ಗುಮಾನಿ ಅವನನ್ನು ಅಂಗಡಿಯವರೆಗೂ ಬಿಡಲಿಲ್ಲ.

ಮೀನಾ ಮೂರು ಗಡಿಯಾರ ಮುಂದಿಟ್ಟಳು. ಒಂದು ಉಪಗ್ರಹದಿಂದ ದಾರಿ ಅಳೆಯುತ್ತದೆ, ಅಷ್ಟೇ. ಎರಡನೆಯದು ಅಳೆಯುವುದರ ಜೊತೆಗೆ ಹಾಡುತ್ತದೆ. ಮೂರನೆಯದು ಅಳೆಯುತ್ತದೆ, ಹಾಡುತ್ತದೆ, ಅಂಗಡಿಯ ಯಂತ್ರದ ಹತ್ತಿರ ಹಿಡಿದರೆ ಖಾತೆಯಿಂದ ರೊಕ್ಕವನ್ನೂ ಕಟ್ಟುತ್ತದೆ. ಫೋನು ಮನೆಯಲ್ಲೇ ಬಿಟ್ಟು ಓಡಬಹುದೆಂದು ರಾಣಿಯ ಕಣ್ಣು ಮೂರನೆಯದರ ಮೇಲೆಯೇ ನೆಟ್ಟಿತ್ತು.

ಕಿವಿ ತುಂಬ ಹಾಡಿದ್ದರೆ ಹಿಂದಿನಿಂದ ಬರುವ ಟಿಪ್ಪರ್ ಸಪ್ಪಳ ಕೇಳುವುದು ಹೇಗೆ ಎಂದು ಮಾಳಪ್ಪ ಶುರುಮಾಡಿದ. ಒಂದೇ ಕಿವಿಗೆ ಹಾಕಿಕೊಂಡರಾಯಿತು ಎಂದಳು ಮೀನಾ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಯಾರಾದರೂ ಕೈ ತಾಗಿಸಿ ರೊಕ್ಕ ಎಳೆದುಕೊಂಡರೆ? ಗುಂಡಿ ಒತ್ತದೆ ರೊಕ್ಕ ಹೋಗುವುದಿಲ್ಲ, ಮಣಿಕಟ್ಟಿನಿಂದ ಬಿಚ್ಚಿದರೆ ತಾನೇ ಬೀಗ ಬೀಳುತ್ತದೆ, ಗುಟ್ಟಿನ ನಂಬರು ಗೊತ್ತಿದ್ದವರೇ ತೆಗೆಯಬೇಕು ಎಂದು ಅವಳು ಬಿಡಿಸಿ ಹೇಳಿದಳು. ಕೊನೆಗೆ, "ಆದ್ರ ಕಾಕಾ, ಎಲ್ಲಾ ಬ್ಯಾಂಕಿನ ಕಾರ್ಡು ಇದಕ್ಕ ಹೊಂದಂಗಿಲ್ಲರಿ. ನಿಮ್ಮದಂತೂ ಹೊಂದಂಗಿಲ್ಲ" ಅಂದಳು. ಆ ಸತ್ಯ ಕೇಳಿ ಮಾಳಪ್ಪನ ಸಂಶಯ ಇಮ್ಮಡಿಯಾಯಿತು. ತನ್ನ ಎತ್ತಿನ ಐಬು ತಾನೇ ಹೇಳುವವನು ಅದಕ್ಕಿಂತ ದೊಡ್ಡ ಐಬನ್ನು ಮುಚ್ಚಿಟ್ಟಿರುತ್ತಾನೆ ಎಂಬುದು ಅವನ ಮೂವತ್ತು ವರ್ಷದ ಅನುಭವ. ನಡೆಸಿ ನೋಡದೆ ತೆಗೆದುಕೊಳ್ಳುವುದಿಲ್ಲ ಎಂದ. ಗುರುತಿನವನೆಂದು ಮೀನಾ ಮೂರನೆಯದನ್ನೇ ಒಂದು ದಿನದ ಮಟ್ಟಿಗೆ ಕೊಟ್ಟು ಕಳಿಸಿದಳು.

ರಾಣಿ ಓಡುವ ದಾರಿಯನ್ನು ಅಳೆದವನು ಮಾಳಪ್ಪನೇ. ಎತ್ತಿನ ಗಾಡಿಯ ಗಾಲಿಗೆ ಕೆಂಪು ಬಟ್ಟೆ ಕಟ್ಟಿ, ಮನೆಯ ಮುಂದಿನ ಬೇವಿನ ಮರದಿಂದ ಹೊಲದ ದಾರಿ ಹಿಡಿದು, ಗಾಲಿ ಉರುಳಿದ್ದನ್ನು ಎಣಿಸುತ್ತ ಹೋಗಿದ್ದ. ನೂರು ಸುತ್ತಿಗೊಂದರಂತೆ ದಾರಕ್ಕೆ ಗಂಟು ಹಾಕಿದ್ದ. ಐದು ಗಂಟು, ಮೇಲೆ ಮೂವತ್ತೆರಡು ಸುತ್ತಿಗೆ ಎರಡೂವರೆ ಕಿಲೋಮೀಟರ್ ಆಯಿತೆಂದು ಅಲ್ಲೊಂದು ಕಲ್ಲು ನೆಟ್ಟು ಸುಣ್ಣ ಹಚ್ಚಿದ್ದ. ಕಲ್ಲು ಮುಟ್ಟಿ ತಿರುಗಿ ಬಂದರೆ ಐದು. ಮಾಳಪ್ಪ ಯಾವಾಗಲೂ ಬೇವಿನ ಬುಡದಲ್ಲಿ ಫೋನು ಹಿಡಿದು ಸಮಯ ನೋಡುವವನು. ಕಲ್ಲಿನ ಕಡೆಯ ಹೊಲಕ್ಕೆ ದಿನಾ ಹೋಗುವವಳು ಮುದಕವ್ವ.

ಮರುದಿನ ಮುಂಜಾನೆ ರಾಣಿ ಹತ್ತೊಂಬತ್ತು ನಲವತ್ಮೂರಕ್ಕೆ ಬಂದಳು. ಗಡಿಯಾರ ಮಾತ್ರ ದಾರಿ ನಾಲ್ಕು ಪಾಯಿಂಟ್ ಆರು ಒಂದು ಕಿಲೋಮೀಟರ್ ಅಷ್ಟೇ ಅಂದಿತು. ಮಾಳಪ್ಪ ಗೆದ್ದವನಂತೆ ಅಂಗಡಿಗೆ ಹೋಗಿ, "ನಿನ್ನ ಎತ್ತು ಕುಂಟತೈತಿ ನೋಡವಾ" ಅಂದ. ಮೀನಾ ವಾದಿಸದೆ, ಅದರ ಜೊತೆಗೆ ಬೇರೆ ಕಂಪನಿಯ ಮೊದಲನೆಯದನ್ನೂ ಕೊಟ್ಟು ಕಳಿಸಿದಳು. ಮಾರನೆಯ ಓಟದಲ್ಲಿ ಅದು ನಾಲ್ಕು ಪಾಯಿಂಟ್ ಆರು ಎರಡು ಅಂದಿತು. ಸಂತೆಯಲ್ಲಿ ಇಬ್ಬರು ದಲಾಲಿಗಳು ಒಂದೇ ದರ ಹೇಳಿದರೆ ಇಬ್ಬರೂ ಮೊದಲೇ ಒಟ್ಟಿಗೆ ಚಹಾ ಕುಡಿದು ಬಂದಿದ್ದಾರೆಂದೇ ಅರ್ಥ. ಮೀನಾ ಎರಡನ್ನೂ ತಿರುಚಿದ್ದಾಳೆ ಎಂದು ಮಾಳಪ್ಪ ತೀರ್ಮಾನಿಸಿದ. ಮುದಕವ್ವ, ಅವೆರಡನ್ನೂ ಒಯ್ದು ಕೊಟ್ಟು ಬನ್ನಿರಿ, ಪೀಡೆ ಹೋಗಲಿ ಎಂದಳು. ಹೇಳಿದ್ದು ಸ್ವಲ್ಪ ಅವಸರವಾಯಿತು.

ಮಾಳಪ್ಪ ಹೆಂಡತಿಯ ಮುಖವನ್ನೇ ಒಂದು ಗಳಿಗೆ ನೋಡಿದ. ಗೂಟದಿಂದ ಹಳೆಯ ದಾರ ತೆಗೆದುಕೊಂಡ, ಗಾಲಿಗೆ ಬಟ್ಟೆ ಕಟ್ಟಿ ಗಾಡಿ ಹೂಡಿದ. ನಾಲ್ಕು ಗಂಟು ಸರಿಯಾಗಿ ಬಂದವು. ಐದನೆಯದು ಬರಲು ಇನ್ನೂ ಹತ್ತು ಸುತ್ತು ಇರುವಾಗಲೇ ಬಿಳಿ ಕಲ್ಲು ಎದುರಿಗೆ ನಿಂತಿತ್ತು. ಎಣಿಸುತ್ತಲೇ ಗಾಡಿಯನ್ನು ಮುಂದಕ್ಕೆ ಹೊಡೆದ. ಐದು ಗಂಟು, ಮೂವತ್ತೆರಡು ಸುತ್ತು ಮುಗಿದ ಜಾಗದಲ್ಲಿ ಹಳೆಯ ಕುಣಿ ಸಿಕ್ಕಿತು. ಅದರೊಳಗೆ ಹುಲ್ಲು ಬೆಳೆದಿದ್ದರೂ ಅಂಚಿನಲ್ಲಿ ಸುಣ್ಣದ ಚೂರು ಇನ್ನೂ ಇತ್ತು. ಹೆತ್ತ ಮಗಳೇ ಮೋಸ ಮಾಡಿದಳೆಂದು ಅವನು ಗಾಡಿಯನ್ನು ಮನೆಯ ಕಡೆ ತಿರುಗಿಸಿದ.

ಮನೆಗೆ ಬಂದವನು ರಾಣಿಯನ್ನು ಎದುರಿಗೆ ನಿಲ್ಲಿಸಿ ಕೇಳಿದ. "ಕಲ್ಲು ಯಾಕ ಸರಿಸಿದಿ?"

ರಾಣಿ ಕಣ್ಣು ಪಿಳಿಪಿಳಿ ಬಿಟ್ಟಳು. ಉತ್ತರ ಬಂದಿದ್ದು ಒಲೆಯ ಕಡೆಯಿಂದ.

"ಆಕಿ ಅಲ್ಲ, ನಾನ. ಅಮಾಸಿಗೊಮ್ಮೆ ಇಪ್ಪತ್ತ ಇಪ್ಪತ್ತ ಹೆಜ್ಜಿ ಈ ಕಡೆ ತಂದೇನಿ." ಮುದಕವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿರಲಿಲ್ಲ. "ಆಕಿ ಇಪ್ಪತ್ನಾಕಕ್ಕ ಬಂದ ದಿನಾ ನೀವು ಬೂಟು ಅಟ್ಟಕ್ಕ ಹಾಕಾಕ ಏಣಿ ಹಚ್ಚಿದ್ರಿ. ಹುಡುಗಿ ಎರಡು ದಿನಾ ಉಣಲಿಲ್ಲ. ನಿಮ್ಮ ಮಾತಂತೂ ಇದ್ದಲ್ಲಿಂದ ಸರಿಯಂಗಿಲ್ಲ, ಅದಕ್ಕ ಕಲ್ಲು ಸರಿಸಿದೆ."

ರಾಣಿ ಗಡಿಯಾರ ಬಿಚ್ಚಿ ಕಟ್ಟೆಯ ಮೇಲಿಟ್ಟಳು. "ಹಂಗಾರ ನಾ ಇಪ್ಪತ್ತರೊಳಗ ಎಂದೂ ಬಂದಿಲ್ಲೇನ ಅವ್ವಾ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮಾಳಪ್ಪ ದಾರವನ್ನು ಗೂಟಕ್ಕೆ ಹಾಕಿ ಕಟ್ಟೆಯ ಮೇಲೆ ಕುಳಿತ. ಉಪಗ್ರಹವನ್ನು ಸಂಶಯಿಸಿದ್ದ, ಎರಡು ಕಂಪನಿಗಳನ್ನು ಸಂಶಯಿಸಿದ್ದ, ಮೀನಾಳನ್ನು, ಕಡೆಗೆ ಮಗಳನ್ನೂ ಬಿಟ್ಟಿರಲಿಲ್ಲ. ನಾಲ್ಕು ಜನರೆದುರು ಬಡಾಯಿ ಕೊಚ್ಚಿದ ತನ್ನ ನಾಲಿಗೆಯನ್ನು ಮಾತ್ರ ಒಮ್ಮೆಯೂ ನಡೆಸಿ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಮರುದಿನ ಬೆಳಗಾಗುವ ಮುಂಚೆ ಗಂಡಹೆಂಡತಿ ಕಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ಹಳೆಯ ಕುಣಿಯಲ್ಲೇ ನೆಟ್ಟರು. ರಾಣಿ ಮೂರನೆಯ ಗಡಿಯಾರವನ್ನೇ ಮತ್ತೆ ಕಟ್ಟಿಕೊಂಡು ಓಡಿದಳು. ದಾರಿ ಐದು ಪಾಯಿಂಟ್ ಸೊನ್ನೆ ಒಂದು ಎಂದಿತು. ಗಾಡಿಯ ಗಾಲಿಯೂ ಉಪಗ್ರಹವೂ ಒಪ್ಪಿದವು. ಸಮಯ ಇಪ್ಪತ್ತೊಂದು ನಿಮಿಷ ಇಪ್ಪತ್ತೆರಡು ಸೆಕೆಂಡು. ಧಾರವಾಡದ ಆಯ್ಕೆಗೆ ಹತ್ತು ವಾರ ಉಳಿದಿತ್ತು.

ಯಾವುದನ್ನು ಇಟ್ಟುಕೊಳ್ಳುತ್ತೀ ಎಂದು ಮಾಳಪ್ಪ ಕೇಳಿದ. ಇದನ್ನೇ, ಮೊದಲು ನಿಜ ಹೇಳಿದ್ದು ಇದೇ ಎಂದಳು ರಾಣಿ. ಹಾಗಾದರೆ ಹಾಡೂ ಇರಲಿ, ರೊಕ್ಕವೂ ಇರಲಿ, ಕಾರ್ಡು ಹೊಂದುವ ಬ್ಯಾಂಕಿನಲ್ಲಿ ನಿನ್ನ ಹೆಸರಿಗೇ ಖಾತೆ ತೆಗೆಸೋಣ, ಗುಟ್ಟಿನ ನಂಬರು ನನಗೂ ಹೇಳಬೇಡ ಎಂದ ಮಾಳಪ್ಪ. ಮುದಕವ್ವ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು.

ಆಮೇಲೆ ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಮುಚ್ಚಿಕೊಂಡು ಮಗಳ ಕಡೆ ಚಾಚಿದ. ಸಂತೆಯವನ ಮಗಳು, ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಕೈ ಒಳಗೆ ಹಾಕಿದಳು. ಮಾಳಪ್ಪ ಅವಳ ಎರಡು ಬೆರಳು ಹಿಡಿದ, ಬಿಟ್ಟು ಮತ್ತೆ ಎರಡು ಹಿಡಿದ. ರಾಣಿ ತಲೆಯಾಡಿಸಿದಳು. ಅಪ್ಪನ ಎರಡು ಬೆರಳು ಗಟ್ಟಿಯಾಗಿ ಹಿಡಿದಳು, ಬಿಟ್ಟಳು, ಆಮೇಲೆ ಬರೀ ಮುಷ್ಟಿಯನ್ನು ಅವನ ಅಂಗೈಗೆ ಒತ್ತಿದಳು. ಮಾಳಪ್ಪ ಮತ್ತೊಮ್ಮೆ ಹಿಡಿದು ನೋಡಿದ. ಅವಳು ಬಿಟ್ಟುಕೊಡಲಿಲ್ಲ.

ಎಷ್ಟಕ್ಕೆ ಕುದುರಿತು ಎಂದು ಮುದಕವ್ವ ಕೇಳಿದಳು. ಟವೆಲಿನೊಳಗಿನ ಮಾತನ್ನು ಮಾಳಪ್ಪ ಮೂವತ್ತು ವರ್ಷದಲ್ಲಿ ಯಾರಿಗೂ ಹೇಳಿದವನಲ್ಲ.

"ನಾ ಇಪ್ಪತ್ತೆರಡು ನಿಮಿಷ ಅಂದೆ" ಎಂದ. "ಆಕಿ ಇಪ್ಪತ್ತು ಅಂದ್ಲು."