ಮೂರು ಹುಟ್ಟುದಿನಗಳ ರಾಮಚಂದ್ರ

ಜಹೀರಾಬಾದಿನ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಫಿಟ್ಟರ್ ಆಗಿರುವ ರಾಮಚಂದ್ರನಿಗೆ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಸಮಾಧಾನವಿಲ್ಲ. ಆದರೆ ತನ್ನ ಹುಟ್ಟಿದ ದಿನವೇ ಒಂದು ಕಾಗದಕ್ಕೂ ಇನ್ನೊಂದಕ್ಕೂ ಐದು ತಿಂಗಳು ತಪ್ಪಿರುವುದನ್ನು ಆತ ಗಮನಿಸಿರಲಿಲ್ಲ.

ಅದು ಬೆಳಕಿಗೆ ಬಂದದ್ದು ಮಗಳು ಅರ್ಪಿತಾಳಿಂದ. ಆಕೆಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಶಿಕ್ಷಣ ಸಾಲಕ್ಕೆ ತಂದೆಯ ದೃಢೀಕೃತ ಆದಾಯ ತೆರಿಗೆ ರಿಟರ್ನ್ ಬೇಕು, ಅದೂ ಆಗಸ್ಟ್ ಹತ್ತರೊಳಗೆ ಎಂದು ಬ್ಯಾಂಕಿನವರು ಹೇಳಿದ್ದರು. ಜುಲೈ ಎಂಟರಂದು ರಾಮಚಂದ್ರ ಆನ್‌ಲೈನಿನಲ್ಲಿ ರಿಟರ್ನ್ ಸಲ್ಲಿಸಿದ. ಕೊನೆಯ ಹೆಜ್ಜೆಯಾದ ಆಧಾರ್ ಒಟಿಪಿ ದೃಢೀಕರಣ ಮಾತ್ರ ಮೂರು ಸಲವೂ ತಿರಸ್ಕೃತವಾಯಿತು.

ನಾಲ್ಕನೆಯ ದಿನ ನೆರೆಮನೆಯ ದೇವಿಕಾ ಬಂದಳು. ಆಕೆ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ ಮಾಡುವವಳು.

"ಚಿಂತಿ ಇಲ್ಲ ತಂಗಿ," ಎಂದ ರಾಮಚಂದ್ರ. "ಆನ್‌ಲೈನ್ ಅಂಗಡಿಯವ ಹೊಸಾ ಪ್ಯಾನ್ ಕಾರ್ಡ್ ಮಾಡಿಕೊಡ್ತೀನಿ ಅಂದಾನ. ಅಲ್ಲಿಗಿ ಖತಮ್!"

"ಅಯ್ಯೋ ಅಣ್ಣಾ! ಒಬ್ಬರು ಎರಡು ಪ್ಯಾನ್ ಇಟ್ಕೊಂಡ್ರ ಹತ್ತು ಸಾವಿರ ದಂಡ ಬೀಳ್ತದ್ರಿ. ಮೊದಲ ಕಾಗದ ತರ್ರಿ, ನೋಡಮು."

ಆಕೆ ಮೂರು ಕಾಗದಗಳನ್ನು ಸಾಲಾಗಿ ಇಟ್ಟಳು. ಪ್ಯಾನ್ ಕಾರ್ಡಿನಲ್ಲಿಯೂ ಹತ್ತನೆಯ ತರಗತಿಯ ಮೆಮೊ, ಅಂದರೆ ಅಂಕಪಟ್ಟಿಯಲ್ಲಿಯೂ ಜೂನ್ ಒಂದು. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು.

ಜೋಳ ಹಸನು ಮಾಡುತ್ತಿದ್ದ ರಾಮಚಂದ್ರನ ತಾಯಿ ಬಾಳಮ್ಮ ಮೊರ ಕೆಳಗಿಟ್ಟಳು. "ಎರಡೂ ಸುಳ್ಳವ! ಇವ ಎಳ್ಳ ಅಮಾಸಿ ದಿನಾ ಹುಟ್ಯಾನ. ಹೊಲದಾಗ ಭೂಮಿತಾಯಿಗಿ ಚರಗ ಚೆಲ್ಲಿ ಮನಿಗಿ ಬಂದೆ, ಬ್ಯಾನಿ ಚಾಲೂ ಆದವು. ಹೆತ್ತಾಕಿ ನಾನೋ, ಆ ಕಾಗದೋ?"

"ಹಂಗಾದ್ರ ನಿಮ್ಮ ಮಗ ಮೂರು ಸಲ ಹುಟ್ಯಾನ, ಆಯಿ. ಈ ಜೂನ್ ಒಂದು ಎಲ್ಲಿಂದ ಬಂತು?"

"ಸಾಲಿಗಿ ಹಾಕುವಾಗ ಮಾಸ್ತರ ಬರಕೊಂಡಾರ. ನಮ್ಮ ಓಣಿ ಹುಡುಗುರೆಲ್ಲಾ ಜೂನ್ ಒಂದಕ್ಕೇ ಹುಟ್ಯಾರ!"

ರಾಮಚಂದ್ರ ತಲೆ ಕೆರೆದುಕೊಂಡ. "ಆಧಾರ್ ಕ್ಯಾಂಪಿಗಿ ನಾ ಡ್ಯೂಟಿಯಿಂದ ಸೀದಾ ಹೋಗಿದ್ದೆ. ಕಾಗದ ಒಂದೂ ಇರಲಿಲ್ಲ. ಬರೇ ವರ್ಷ ಹೇಳ್ದೆ, ಅದಕ್ಕ ಜನವರಿ ಒಂದು ಬಂತು."

"ಅದೇ ನೋಡ್ರಿ ಗಂಟು. ಎರಡು ಕಾರ್ಡಿನಾಗ ದಿನಾ ಬ್ಯಾರೆ ಇದ್ರ ಪ್ಯಾನ್, ಆಧಾರ್ ಲಿಂಕ್ ಆಗಲ್ಲ. ಲಿಂಕ್ ಇಲ್ಲಂದ್ರ ಆಧಾರ್ ಒಟಿಪಿ ನಡಿಯಲ್ಲ. ಕಂಪ್ಯೂಟರಿಗಿ ನೀವು ಇಬ್ಬರು ಮನಷ್ಯಾರು."

"ತಿದ್ದದಾದ್ರ ಖರೇ ದಿನಾನೇ ಹಾಕಸ್ರಿ," ಎಂದಳು ಬಾಳಮ್ಮ.

"ದಾಖಲಿ ಬೇಕಲ್ಲ, ಆಯಿ! ಮೆಮೊದಾಗ ಇದ್ದಂಗ ಆಧಾರ್ ತಿದ್ದಸಮು. ಹುಟ್ಟಿದ ದಿನಾ ತಿದ್ದಾಕ ಒಂದೇ ಸಲ ಬರ್ತದ. ಆಮ್ಯಾಲೆ ಭಾಳ ತ್ರಾಸು."

"ಅಷ್ಟರಾಗ ಗಡುವು ಮುಗಿದ್ರ?" ರಾಮಚಂದ್ರನ ದನಿ ತಗ್ಗಿತು. ಅರ್ಪಿತಾ ಬಾಗಿಲಲ್ಲಿ ನಿಂತಿದ್ದಳು.

"ಸಲ್ಲಿಸಿದ ದಿನದಿಂದ ಮೂವತ್ತು ದಿನಾ ಟೈಮ್ ಅದ," ಎಂದಳು ದೇವಿಕಾ. " ನಾಕೇ ಹೋಗ್ಯಾವ. ತಡ ಆಗಂಗ ಕಂಡ್ರ ರಿಟರ್ನಿನ ರಸೀದಿಗಿ ಸಹಿ ಮಾಡಿ ಸ್ಪೀಡ್ ಪೋಸ್ಟಿನಾಗ ಬೆಂಗಳೂರಿನ ತೆರಿಗಿ ಕಚೇರಿಗಿ ಕಳಸಮು. ಸುಮ್ಮ ಕುಂದ್ರಬ್ಯಾಡ್ರಿ, ಅಷ್ಟೇ."

ಮರುದಿನವೇ ರಾಮಚಂದ್ರ ಅರ್ಧ ದಿನ ರಜೆ ಹಾಕಿ, ಮೂಲ ಮೆಮೊ ಹಿಡಿದು ಆಧಾರ್ ಕೇಂದ್ರಕ್ಕೆ ಹೋದ. ಸಹಿ ಹಾಕುವ ಮುನ್ನ ಅಲ್ಲಿ ಕೊಟ್ಟ ತಿದ್ದುಪಡಿ ಚೀಟಿಯನ್ನು ಎರಡು ಸಲ ಗಟ್ಟಿಯಾಗಿ ಓದಿದ. "ಪರೀಕ್ಷಾಕ್ಕ ಓದ್ಲತ್ತೀರೇನ್ರಿ?" ಎಂದು ಅಲ್ಲಿನವರು ನಕ್ಕರು. ಹತ್ತು ದಿನಗಳಲ್ಲಿ ಆಧಾರ್ ತಿದ್ದುಪಡಿಯಾಯಿತು. ಲಿಂಕ್ ಮಾಡಿಸಲು ತಡವಾದದ್ದಕ್ಕೆ ನಿಗದಿತ ಶುಲ್ಕ ಕಟ್ಟಿದ ಮೇಲೆ ಪ್ಯಾನ್ ಲಿಂಕ್ ಆಯಿತು. ಜುಲೈ ಮೂವತ್ತರಂದು ಒಟಿಪಿ ಒತ್ತಿದಾಗ ಪರದೆಯ ಮೇಲೆ ಬಂತು: ದೃಢೀಕರಣ ಯಶಸ್ವಿ.

"ಆತು! ಆತು!" ಎಂದು ಅರ್ಪಿತಾ ಕುಣಿದಳು. ಆಗಸ್ಟ್ ಮೂರರಂದು ಬ್ಯಾಂಕಿನಲ್ಲಿ ಸಾಲ ಮಂಜೂರಾಯಿತು.

ಅಂದು ಸಂಜೆ ಬಾಳಮ್ಮ ತಾನೇ ತನ್ನ ಕಾರ್ಡು ತಂದು ಮೊಮ್ಮಗಳ ಮುಂದೆ ಹಿಡಿದಳು. "ನಂದೂ ನೋಡವ್ವಾ, ಸರೀ ಅದೇನು?"

ಅರ್ಪಿತಾ ನೋಡಿದಳು, ಲೆಕ್ಕ ಹಾಕಿದಳು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ಆಯಿ, ಇದರ ಪ್ರಕಾರ ನೀ ಅಪ್ಪಗಿಂತ ಎಂಟೇ ವರ್ಷ ದೊಡ್ಡಾಕಿ!"

ಓದುಗರೇ, ನಿಮ್ಮ ಪ್ಯಾನ್, ಆಧಾರ್ ಮತ್ತು ಶಾಲೆಯ ದಾಖಲೆಗಳನ್ನು ಇಂದೇ ಹೊರತೆಗೆಯಿರಿ. ಹೆಸರು, ಹುಟ್ಟಿದ ದಿನ ಮತ್ತು ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನು ಒಂದೊಂದಾಗಿ ತಾಳೆ ನೋಡಿರಿ. ವ್ಯತ್ಯಾಸ ಕಂಡರೆ ಎರಡನೆಯ ಪ್ಯಾನ್ ಮಾಡಿಸಬೇಡಿರಿ, ಇರುವುದನ್ನೇ ತಿದ್ದಿಸಿರಿ. ರಿಟರ್ನ್ ಸಲ್ಲಿಸಿದರೆ ಅರ್ಧ ಕೆಲಸವಷ್ಟೇ. ಮೂವತ್ತು ದಿನಗಳೊಳಗೆ ದೃಢೀಕರಿಸಿದಾಗಲೇ ಅದು ಪೂರ್ಣ.