ಕುರಿ ಮೈ ಜಾಡಿಸಿದ್ದು

ವೈಶಾಲಿಯ ನೌಕರಿ ಏನೆಂದು ಬನಹಟ್ಟಿಯಲ್ಲಿ ಕೇಳಿ ನೋಡಿ. "ಪುಣೆದಾಗ ಚಿಕ್ಕಿ ಎಣಸ್ತಾಳ್ರಿ" ಎನ್ನುತ್ತಾರೆ. ಬರೀ ನಕ್ಷತ್ರ ಎಣಿಸಿದರೆ ಸಂಬಳ ಯಾರು ಕೊಡುತ್ತಾರೆ? ದೂರದ ಯಾವುದೋ ಗ್ಯಾಲಕ್ಸಿಯಲ್ಲಿ, ಸತ್ತ ನಕ್ಷತ್ರಗಳಿಂದಾದ ಎರಡು ಕಪ್ಪುಕುಳಿಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಆಕಾಶವೇ ನಡುಗುತ್ತದೆ. ಆ ನಡುಕ ಕೋಟಿಗಟ್ಟಲೆ ವರ್ಷ ಸಾಗಿ ಭೂಮಿಯ ಮೇಲಿನ ಯಂತ್ರಗಳಿಗೆ ಮುಟ್ಟುತ್ತದೆ. ಆದರೆ ಹತ್ತಿರ ಲಾರಿ ಹೋದರೂ ಆ ಯಂತ್ರಗಳು ನಡುಗುತ್ತವೆ. ಖರೆ ಯಾವುದು, ಸುಳ್ಳು ಯಾವುದು ಎಂದು ಆರಿಸುವವಳು ಇವಳು. ಒಂದೇ ಯಂತ್ರ ನಡುಗಿದರೆ ನಂಬುವವಳಲ್ಲ. ದೂರದ ಇನ್ನೊಂದೂ ನಡುಗಬೇಕು.

ಹೋದ ವರ್ಷ ಹೊಳೆಗೆ ಮಹಾಪೂರ ಬಂದಾಗ ಅವಳ ಅಣ್ಣ ಗುರುಪಾದ ಕುರಿ ಬಿಡಿಸಲು ಹೊಳೆಗಿಳಿದವನು ಸಿಗಲೇ ಇಲ್ಲ. ಹೆಣವೂ ಇಲ್ಲ. ಈ ಸಲ ವೈಶಾಲಿ ಊರಿಗೆ ಬಂದಾಗ, ಕುರಿಯನ್ನೇ ಕೇಳೋಣ ಎಂದ ಕಾಕಾ ಗಿರಮಲ್ಲಪ್ಪ. ಅದು ಅವರ ಮನೆತನದ ಪದ್ಧತಿ. ಕುರಿಯ ಮೇಲೆ ನೀರು, ಭಂಡಾರದ ಅರಿಶಿನಪುಡಿ ಚೆಲ್ಲಿ ಕಾಣೆಯಾದವನ ಹೆಸರು ಹಿಡಿದು ಕರೆಯಬೇಕು. ಮೈ ಜಾಡಿಸಿದರೆ ಸತ್ತಿದ್ದಾನೆ, ಇಲ್ಲದಿದ್ದರೆ ಬದುಕಿದ್ದಾನೆ. ತಾಯಿ ಸುಂದರವ್ವನ ಜೀವ ಬಾಯಿಗೆ ಬಂದಿತ್ತು.

ಕಾಕಾನ ಕೈ ಕುರಿಯ ಕಿವಿಯತ್ತ ಹೋಯಿತು.

"ಕಿವ್ಯಾಗ ನೀರು ಬಿಡಬ್ಯಾಡ್ರಿ ಕಾಕಾ. ಹಂಗ ಮಾಡಿದ್ರ ಯಾವ ಕುರಿನೂ ಜಾಡಸತೈತಿ," ಎಂದಳು ವೈಶಾಲಿ.

"ನಿನ್ನ ಸಾಲಿ ಪುಣೆದಾಗ ಇಟ್ಟ ಬರಬೇಕಿತ್ತು," ಎಂದು ಗೊಣಗಿ ಅವನು ಕೈ ಹಿಂದೆಗೆದ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಫ್ಯಾನ್ ಆರಿಸಿದಳು, ನೊಣ ಓಡಿಸಿದಳು, ಪಕ್ಕದ ಮನೆಯ ಮಗ್ಗ ನಿಲ್ಲಿಸಿ ಬಂದಳು. ಗಂಟಲು ಒಣಗುವವರೆಗೂ ಎಲ್ಲರೂ ಕರೆದರು. ಕುರಿ ಕದಲಲಿಲ್ಲ.

"ನನ್ನ ಮಗ ಅದಾನ," ಎಂದು ಸುಂದರವ್ವ ಅತ್ತಳು, ನಕ್ಕಳು, ಚಹಾ ಇಡಲು ಒಳಗೆ ಹೋದಳು. ಕಾಕಾ ಓಣಿಗೆಲ್ಲ ಸುದ್ದಿ ಹೇಳಲು ಹೊರಟ.

ಪಡಸಾಲೆಯಲ್ಲಿ ಉಳಿದದ್ದು ಅವಳು ಮತ್ತು ಕುರಿ. ಅದರ ಮೈ ಒಣಗಿತ್ತು. ತನಗೇ ನಾಚಿಕೆಯಾಗಿ, ಮೆಲ್ಲಗೆ ಕೇಳಿದಳು: "ಯಣ್ಣಾ, ಖರೇನ ಹ್ವಾದಿ ಏನು?"

ಕುರಿ ತಿರುಗಿ ಅವಳನ್ನು ನೋಡಿತು. ತಲೆಯಿಂದ ಬಾಲದವರೆಗೆ ಮೈ ಜಾಡಿಸಿತು. ಭಂಡಾರ ಅವಳ ಪಾದದ ಮೇಲೆ ಉದುರಿತು.

ಅದರ ಕಿವಿಯೊಳಗೆ ಬೆರಳಿಟ್ಟು ನೋಡಿದಳು, ಒಣಗಿತ್ತು. ಗಾಳಿ ಇರಲಿಲ್ಲ, ನೊಣವೂ ಇರಲಿಲ್ಲ. ಅಷ್ಟರಲ್ಲಿ ಹಿತ್ತಲ ದೊಡ್ಡಿಯಿಂದ ಸಪ್ಪಳ ಕೇಳಿಸಿತು. ಬಾಗಿಲಿಗೆ ಬಂದು ನೋಡಿದರೆ ಅಲ್ಲಿ ಕಟ್ಟಿದ್ದ ಕುರಿಗಳೂ ಒಂದರ ಹಿಂದೊಂದು ಮೈ ಜಾಡಿಸುತ್ತಿದ್ದವು. ಅವುಗಳ ಮೇಲೆ ಯಾರೂ ನೀರು ಹಾಕಿರಲಿಲ್ಲ.

"ಯಾಕವ್ವಾ, ಮಾರಿ ಹಿಂಗ್ಯಾಕ ಆತು?" ಸುಂದರವ್ವ ಚಹಾ ಹಿಡಿದು ಬಂದಿದ್ದಳು.

"ಏನಿಲ್ಲ ಬೇ."

"ಮಿರಜ ದವಾಖಾನ್ಯಾಗ ಅದಾನೋ ಏನೋ, ನೆನಪು ಹೋಗಿರಬೇಕು. ಕಾಣದ್ದನ್ನ ಹುಡುಕೋದ್ರಾಗ ಶ್ಯಾಣ್ಯಾಕಿ ನೀ. ನಿಮ್ಮಣ್ಣನ್ನ ಹುಡುಕಿ ಕೊಡು."

ವೈಶಾಲಿ ತಾಯಿಯ ಕೈಯಿಂದ ಕಪ್ಪು ಇಸಿದುಕೊಂಡಳು.

"ಹುಡುಕ್ತೇನ ಬೇ," ಎಂದಳು.